ಸಿಂಧನೂರು ಸಮುದ್ರದಲ್ಲಿ ಸಿಕ್ಕ ದಿನ

ಮೊಮ್ಮಕ್ಕಳೇ, ನಿಮ್ಮ ಚಿಕ್ಕಮ್ಮನ ನಕ್ಷೆ ಕೆಲಸ ಏನೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ. ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ.

ಫೋನಿನಲ್ಲಿ ನೀವು ಬೆರಳಿನಿಂದ ಸರಿಸುವ ನಕ್ಷೆ ಒಂದೇ ಹಾಳೆಯಲ್ಲವಂತೆ. ಸಣ್ಣ ಸಣ್ಣ ಚೌಕಗಳು ಓಡಿ ಬಂದು, ತಮ್ಮ ಸಾಲಿನ ನಂಬರು ನೋಡಿಕೊಂಡು, ಪಕ್ಕಪಕ್ಕ ಕೂಡುತ್ತವೆ. ಯಾರು ಮಾಡಿದ ಚೌಕವಾದರೂ ಯಾರ ನಕ್ಷೆಯಲ್ಲಾದರೂ ಕೂಡಲಿ ಎಂದು ತಿಳಿದವರು ನಿಯಮ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಅದನ್ನೇ ನಂಬಿ ನಿಮ್ಮ ಚಿಕ್ಕಮ್ಮ ಲಿಂಗಸುಗೂರಿನ ಭಾಗವನ್ನು ಒಬ್ಬ ಮಾಸ್ತರರಿಗೆ, ಸಿಂಧನೂರಿನದನ್ನು ಅಕ್ಕಿ ಗಿರಣಿ ಮನೆಯ ಹೆಣ್ಣುಮಗಳಿಗೆ ಹಂಚಿ, ಮಸ್ಕಿಯದನ್ನು ತಾನು ಮಾಡಿದ್ದಳು.

ಅವತ್ತು ಇಬ್ಬರೂ ನಮ್ಮ ಮನೆಗೆ ಬಂದಿದ್ದರು, ಮೂರನ್ನೂ ಕೂಡಿಸುವುದಿತ್ತು. ಮಾಸ್ತರರಿಗೆ ಅನುಮಾನ.

"ಕೂಡಲಿಲ್ಲಂದ್ರ ನಮ್ಮ ಭಾಗ ನಾ ನಕ್ಷಾ ಮಾರೋ ಕಂಪನಿಗೆ ಕೊಡ್ತೀನಿ ನೋಡ್ ತಂಗಿ. ಅವರ ಚೌಕ ಅವರ ನಕ್ಷಾದಾಗಷ್ಟೇ ಕೂಡ್ತಾವ, ಕೂಡ್ಲಿ ಬಿಡು."

ನನ್ನ ಮಗಳ ಮುಖ ಸಣ್ಣದಾಯಿತು. ಮೂರೂ ತಾಲೂಕು ಒಂದೇ ನಕ್ಷೆಯಲ್ಲಿ ಬರಬೇಕೆಂದು ಅವಳು ಎಷ್ಟು ಓಡಾಡಿದ್ದಳೋ ನನಗೆ ಗೊತ್ತು.

ಹೊರಗಿನವರ ಮುಂದೆ ನಾನು ಬರುವವಳಲ್ಲ. ಅಡುಗೆಮನೆ ಬಾಗಿಲ ಮರೆಯಿಂದ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಲಿಂಗಸುಗೂರು ಬಂತು, ಮುದಗಲ್ ಬಂತು, ಸಂತೆಕಲ್ಲೂರಿನ ಸಮೇತ ಮಸ್ಕಿಯೂ ಬಂತು. ಅದರ ಕೆಳಗೆ ಸಿಂಧನೂರು ಇರಬೇಕಾದಲ್ಲಿ ಒಂದು ಗೆರೆಯೂ ಇಲ್ಲ.

"ನಮ್ಮೂರು ಎಲ್ಲಿ ಹೋತು?" ಎಂದಳು ಸಿಂಧನೂರಿನವಳು.

ಹುಡುಕುತ್ತ ಮಗಳು ದಕ್ಷಿಣಕ್ಕೆ ಸರಿಸುತ್ತ ಹೋದಳು. ತಮಿಳುನಾಡು ದಾಟಿತು, ನೆಲವೇ ಮುಗಿಯಿತು. ಇನ್ನೂ ಎಷ್ಟೋ ದೂರ ಹೋದ ಮೇಲೆ ನಡುಸಮುದ್ರದಲ್ಲಿ, ಮೇಲಿನ ಸಾಲು ಕೆಳಗಾಗಿ, ತನ್ನ ಕಾಲುವೆ, ಭತ್ತದ ಗದ್ದೆಗಳ ಜೊತೆ ಸಿಂಧನೂರು ಕುಳಿತಿತ್ತು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಯಾಕವ್ವ, ಕಾಲುವಿ ನೀರು ಸಾಲಲಿಲ್ಲೇನು ನಿಮಗ?"

"ಭತ್ತಕ್ಕ ಎಷ್ಟಿದ್ರೂ ಬೇಕ್ರೀ ಸರ್."

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಆದರೂ ನಗು ಹೊರಗೆ ಬಂತು. ಆಮೇಲೆ ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು.

"ಅಕ್ಕ, ನೀ ಸಾಲು ಎಲ್ಲಿಂದ ಎಣಿಸೀದಿ?" ಎಂದು ಕೇಳಿದಳು.

"ಕೆಳಗಿಂದ. ಗಿರಣ್ಯಾಗ ಚೀಲ ಒಟ್ಟಿದ್ರ ಒಂದನೇ ಸಾಲು ನೆಲಕ್ಕ ಹತ್ತಿದ್ದಲ್ಲೇನು?"

"ನಾವು ಹಿಡಿದ ನಿಯಮದಾಗ ಮ್ಯಾಲಿಂದ ಎಣಿಸಬೇಕು ನಮ್ಮವ್ವ!"

ಅವಳು ಬಿಡಿಸಿದ್ದು ಒಂದೂ ತಪ್ಪಿರಲಿಲ್ಲ. ಸಾಲಿನ ನಂಬರು ತಿರುಗಿಸಿದರು, ಸಮುದ್ರದಲ್ಲಿದ್ದ ಊರು ಎದ್ದು ಬಂದು ಮಸ್ಕಿಯ ಕೆಳಗೆ ಕುಳಿತುಕೊಂಡಿತು. ರಸ್ತೆ ಕೂದಲೆಳೆಯಷ್ಟೂ ಕದಲದೆ ಈ ಚೌಕದಿಂದ ಆ ಚೌಕಕ್ಕೆ ದಾಟಿತು. ಕೂಡಿದ ಗುರುತು ಸಿಗುತ್ತದೇನೋ ಎಂದು ಮಾಸ್ತರರು ಮೂಗು ಹಚ್ಚಿ ನೋಡಿದರು. ಸಿಗಲಿಲ್ಲ.

"ಕಂಪನಿ ಗಿಂಪನಿ ಬ್ಯಾಡ," ಎಂದರು. "ದೇವದುರ್ಗದಾಗ ನನ್ನ ತಮ್ಮ ಅದಾನ. ಅವನಿಗೂ ಒಂದು ಭಾಗ ಹಚ್ಚು ತಂಗಿ."

ಮಗಳು ಓಡಿಬಂದು ನನ್ನ ಎರಡೂ ಕೈ ಹಿಡಿದು ಪಡಸಾಲೆಗೆ ಎಳೆದು ಗಿರಗಿರ ತಿರುಗಿಸಿದಳು. ಈ ವಯಸ್ಸಿನಲ್ಲಿ, ಮಾಸ್ತರರ ಎದುರಿಗೇ. ನಾನು ಬೇಡವೆನ್ನಲಿಲ್ಲ.