ಇಪ್ಪತ್ತೊಂದು ಪಟ್ಟಿಯ ಗಿಟಾರು

ಚಾಚಾರ ಬಲಗೈ ಹೆಬ್ಬೆರಳಿನ ಉಗುರಿನ ನಟ್ಟನಡುವೆ ಒಂದು ಆಳವಾದ ಗೀರು ಇತ್ತು. ಉಗುರು ಬೆಳೆದಂತೆ ಗೀರೂ ಮುಂದೆ ಸರಿದು ಹೋಗಬೇಕಲ್ಲ, ಹೋಗುತ್ತಿರಲಿಲ್ಲ. ದಿನವೂ ಅದೇ ಜಾಗದಲ್ಲಿ ಹೊಸದಾಗಿ ಬೀಳುತ್ತಿತ್ತು. ಯಾರೇ ರಿಪೇರಿಗೆಂದು ಎಲೆಕ್ಟ್ರಿಕ್ ಗಿಟಾರು ತರಲಿ, ಚಾಚಾ ಮೊದಲು ಅದರ ಕತ್ತಿನ ಅಂಚಿಗೆ ಆ ಉಗುರನ್ನು ಆನಿಸಿ ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆಯುತ್ತಿದ್ದರು. ಸ್ವರ ಹಿಡಿಯಲೆಂದು ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಗೆರೆಗಳಿಗೆ ಎಲ್ಲರೂ ಫ್ರೆಟ್ ಅನ್ನುತ್ತಾರೆ, ಚಾಚಾ ಪಟ್ಟಿ ಅನ್ನುತ್ತಿದ್ದರು. ಉಗುರು ಒಂದೊಂದೇ ಪಟ್ಟಿಗೆ ತಾಗಿ ಕಟ್ ಕಟ್ ಎನ್ನುತ್ತಾ ಹೋಗುತ್ತಿತ್ತು, ಅವರು ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದರು. ಕಂಪನಿಯವರು ಎಷ್ಟು ಹಾಕಿದ್ದೇವೆ ಅಂದಿದ್ದಾರೋ ಅಷ್ಟು ಇವೆಯೋ ಇಲ್ಲವೋ, ಅದನ್ನೂ ಅವರು ನಂಬುತ್ತಿರಲಿಲ್ಲ.

ಅಂಧೇರಿ ಸ್ಟೇಶನ್ನಿನಿಂದ ಹತ್ತು ನಿಮಿಷದ ದಾರಿ. ಹಳೇ ಬಿಲ್ಡಿಂಗ್ ಒಂದರ ಮೆಟ್ಟಿಲ ಕೆಳಗಿನ ಜಾಗವೇ ಅವರ ಗಿಟಾರು ರಿಪೇರಿ ಅಂಗಡಿ. ವಿಜಯಪುರದ ಕಡೆಯವರು, ಮನೆಯಲ್ಲಿ ದಖನಿ, ಗಿರಾಕಿಗಳೊಡನೆ ಹಿಂದಿ, ನನ್ನಂಥವನು ಸಿಕ್ಕರೆ ಊರ ಕನ್ನಡ. ನಾನು ಆಂಟಾಪ್ ಹಿಲ್‌ನವನು. ಅಪ್ಪನ ಕಾಲಕ್ಕೇ ಧಾರವಾಡ ಬಿಟ್ಟವರು ನಾವು, ಆದರೂ ಚಾಚಾ ನನ್ನನ್ನು ಕೊನೆಯವರೆಗೂ ಕರೆದದ್ದು 'ಧಾರವಾಡದವರ' ಎಂದೇ. ವಾರವೆಲ್ಲ ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನನ್ನ ನೌಕರಿ, ಭಾನುವಾರ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು.

ಆ ಅಂಗಡಿಯಲ್ಲಿ ಮುಗಿಯದ ಜಗಳವೊಂದಿತ್ತು. ಗಿಟಾರಿಗೆ ಎಷ್ಟು ಪಟ್ಟಿ ಇರಬೇಕು, ಇಪ್ಪತ್ತೊಂದೋ, ಇಪ್ಪತ್ತೆರಡೋ, ಇಪ್ಪತ್ನಾಲ್ಕೋ? ಇಪ್ಪತ್ನಾಲ್ಕಿದ್ದರೆ ತಂತಿಗೆ ಎರಡು ಸ್ಥಾಯಿ ಪೂರ್ತಿ ಸಿಗುತ್ತದೆ ಎಂದು ಒಬ್ಬ. ಅಷ್ಟು ಪಟ್ಟಿ ಹಾಕಿದರೆ ನಾದ ಹಿಡಿಯುವ ಪಿಕಪ್ಪು ಹಿಂದೆ ಸರಿಯಬೇಕು, ನಾದದ ದಪ್ಪವೇ ಹೊರಟುಹೋಗುತ್ತದೆ ಎಂದು ಇನ್ನೊಬ್ಬ. ಚಾಚಾ ಕಣ್ಣಿಗೆ ಭೂತಗನ್ನಡಿ ಹಿಡಿದು, ಜಗಳವಾಡುವವನ ಗಿಟಾರನ್ನೇ ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದರು. ತಂತಿ ಉಜ್ಜಿ ಉಜ್ಜಿ ಯಾವ ಪಟ್ಟಿ ತಗ್ಗು ಬಿದ್ದಿದೆ, ಯಾವುದು ಹೊಚ್ಚ ಹೊಸದರಂತೆ ಹೊಳೆಯುತ್ತಿದೆ ಎಂದು ನೋಡುತ್ತಿದ್ದರು. "ಬಾಯಿಲೆ ಹೇಳಬ್ಯಾಡ್ರಿ. ಸವದದ್ದು ಹೇಳತೈತಿ" ಎನ್ನುವುದು ಅವರ ಮಾತು. ಇಪ್ಪತ್ನಾಲ್ಕು ಬೇಕೇ ಬೇಕು ಎಂದು ಹಾರಾಡಿದವನ ಗಿಟಾರಿನಲ್ಲಿ ಹನ್ನೆರಡರ ಆಚೆಗೆ ಬೆರಳು ಹೋದ ಗುರುತೇ ಇರುತ್ತಿರಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದ.

ಇನ್ನು ನನ್ನ ವಿಷಯ. ನಾನು ಹುಟ್ಟಾ ಸಂಶಯದ ಮನುಷ್ಯ. ಬೀಗ ಹಾಕಿ ಎರಡು ಮಹಡಿ ಇಳಿದವನು ಮತ್ತೆ ಹತ್ತಿ ಹೋಗಿ ಜಗ್ಗಿ ನೋಡುತ್ತೇನೆ. ಚಾಚಾ ಕೆಲಸ ಮಾಡುವಾಗ ಯಾರನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಪರದೆ ಎಳೆದುಬಿಡುತ್ತಿದ್ದರು. ಪರದೆ ಯಾಕೆ? ಒಳ್ಳೇ ಸಾಮಾನು ತೆಗೆದು ಕಳಪೆ ಹಾಕಿದರೆ ಗೊತ್ತಾಗುವುದಾದರೂ ಹೇಗೆ? ಮೊದಲ ಸಲ ಗಿಟಾರು ಕೊಡುವ ಮುಂಚೆ ನಾನು ಮನೆಯಲ್ಲೇ ಅದರ ಕತ್ತು ಬಿಚ್ಚಿ, ಒಳಗೆ ಮರದ ಮೇಲೆ ಪೆನ್ಸಿಲಿನಿಂದ ಚುಕ್ಕಿಯಿಟ್ಟು, ಮತ್ತೆ ತಿರುಪು ಬಿಗಿದು ಒಯ್ದಿದ್ದೆ. ಮೂರು ದಿನದ ಮೇಲೆ ಗಿಟಾರು ಕೈಗೆ ಕೊಡುತ್ತಾ ಚಾಚಾ ಅಂದರು, "ನಿಮ್ಮ ಚುಕ್ಕಿ ಒರಸಿಲ್ರಿ. ಹಂಗ ಐತಿ." ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಮನೆಗೆ ಬಂದವನೇ ಬಿಚ್ಚಿ ನೋಡಿದೆ. ಚುಕ್ಕಿ ಇತ್ತು. ನನ್ನದೇ ಚುಕ್ಕಿಯೋ, ಅವರೇ ಹೊಸದಾಗಿ ಇಟ್ಟದ್ದೋ ಎಂದು ಒಂದು ವಾರ ಯೋಚಿಸಿದೆ.

ಹೀಗಿರುವಾಗ ಆರ್ಕೆಸ್ಟ್ರಾಕ್ಕೆ ಒಬ್ಬ ಹೊಸ ವಾದಕ ಬಂದ. ಇಪ್ಪತ್ನಾಲ್ಕು ಪಟ್ಟಿಯ ಗಿಟಾರು, ಗಾಯಕಿಯ ದನಿಯೂ ಏರದ ಎತ್ತರಕ್ಕೆ ಅವನ ಬೆರಳು ಏರುತ್ತಿತ್ತು. ಹದಿಮೂರು ವರ್ಷದಿಂದ ಲೀಡ್, ಅಂದರೆ ಮುಂದೆ ನಿಂತು ನುಡಿಸುವ ಮುಖ್ಯ ಗಿಟಾರು, ನುಡಿಸುತ್ತಿದ್ದವನು ನಾನು. ಆರ್ಕೆಸ್ಟ್ರಾ ನಡೆಸುವ ಉಡುಪಿ ಕಡೆಯ ನಮ್ಮ ಮಾಸ್ಟರ್ ನನ್ನನ್ನು ಬದಿಗೆ ಕರೆದು, "ಬೇಸರ ಮಾಡ್ಬೇಡಿ ಮಾರಾಯ್ರೆ. ಬರುವ ಪ್ರೋಗ್ರಾಮಲ್ಲಿ ಇಬ್ರೂ ಒಂದೊಂದು ಪದ್ಯ ನುಡ್ಸಿ, ಮತ್ತೆ ನೋಡುವ" ಅಂದರು. ನೋಡುವುದೇನು, ನನ್ನ ಜಾಗಕ್ಕೇ ಕುತ್ತು ಬಂದಿತ್ತು. ಸ್ಟೋರಿನಲ್ಲಿ ನಾನು ಯಾರೂ ಅಲ್ಲ. ಭಾನುವಾರದ ಆ ಎರಡು ತಾಸು ಮಾತ್ರ ನಾನು ನಾನಾಗಿರುತ್ತಿದ್ದೆ.

ಮರುದಿನವೇ ಚಾಚಾರ ಅಂಗಡಿಗೆ ಹೋದೆ. ಗೋಡೆಗೆ ಇಪ್ಪತ್ನಾಲ್ಕು ಪಟ್ಟಿಯ ಗಿಟಾರೊಂದು ತೂಗುತ್ತಿತ್ತು.

"ಚಾಚಾ, ಒಂದು ಪ್ರೋಗ್ರಾಮಿಗೆ ಅದನ್ನ ಕೊಡ್ರಿ" ಅಂದೆ.

"ಅದು ಬ್ಯಾರೆಯವರದೈತ್ರಿ" ಅಂದರು. ಆಮೇಲೆ ನನ್ನ ಇಪ್ಪತ್ತೊಂದು ಪಟ್ಟಿಯ ಗಿಟಾರನ್ನು ಓರೆ ಮಾಡಿ ತೋರಿಸಿದರು. "ನೋಡ್ರಿ ಧಾರವಾಡದವರ. ಹದಿನೈದರ ತನಾ ಸವದಾವು. ಆಮ್ಯಾಲೆ ನೇರ ಇಪ್ಪತ್ತೊಂದು. ನಡಕಿನ ಐದು ಹೊಸಾವ ಇದ್ದಂಗ ಅದಾವು. ಅಂದ್ರ ನೀವು ಮ್ಯಾಲಿನ ಸ್ವರಾ ಎಣಿಸಿ ಹಿಡಿಯಂಗಿಲ್ಲ, ಕೈ ಜಾರಿಸಿಕೋತ ಕಡೀಕ ಹೋಗಿ ನಿಂದ್ರತೀರಿ. ಕಡೀಗೆ ಇನ್ನ ಮೂರು ಪಟ್ಟಿ ಬಂದ್ರ ಕೈಗೆ ತಿಳಿಬೇಕಲ್ಲ? ಆರು ತಿಂಗಳರೆ ಬೇಕು. ಬ್ಯಾಡ್ರಿ."

ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ತೂಗುಹಾಕಿದ ಗಿಟಾರಿನ ಕೆಂಪು ಪಟ್ಟೆಯ ಬೆಲ್ಟನ್ನೇ ನೋಡುತ್ತಿದ್ದೆ. ಅದು ಆ ಹೊಸಬನದು. ಓಹೋ, ಇಬ್ಬರೂ ಒಂದೇ ಅಂದುಕೊಂಡೆ. ಅವನಿಗೆ ಗಿಟಾರು ಸಜ್ಜು ಮಾಡಿಕೊಡುವುದು, ನನ್ನನ್ನು ಹಳೆಯದರಲ್ಲೇ ಕಟ್ಟಿಹಾಕುವುದು. ಚಹಾ ತರಿಸುತ್ತೇನೆ ಕೂಡ್ರಿ ಅಂದರೂ ಕೂರದೆ ಎದ್ದು ಬಂದೆ. ಸ್ಟೋರಿನ ಗೆಳೆಯನ ಮಗಳ ಹತ್ತಿರ ಇಪ್ಪತ್ನಾಲ್ಕು ಪಟ್ಟಿಯದು ಇತ್ತು, ಬೇಡಿ ತಂದೆ. ಹನ್ನೊಂದು ದಿನ ಸಾಧನೆ ಮಾಡಿದೆ. ಮನೆಯಲ್ಲಿ, ಕತ್ತನ್ನು ನೋಡುತ್ತಾ ನುಡಿಸಿದಾಗ, ಒಮ್ಮೆಯೂ ತಪ್ಪಲಿಲ್ಲ.

ಕಾರ್ಯಕ್ರಮದ ಮಧ್ಯಾಹ್ನ ಸಭಾಗೃಹ ತುಂಬಿತ್ತು. ಹಾಡಿನ ಕೊನೆಯಲ್ಲಿ ಗಾಯಕಿ ಮೇಲಿನ ಸ್ವರದಲ್ಲಿ ನಿಲ್ಲಬೇಕು, ನನ್ನ ಗಿಟಾರು ಅದೇ ಸ್ವರದಲ್ಲಿ ಬಂದು ಕೂಡಬೇಕು. ಮುಖಕ್ಕೆ ದೀಪ ಹೊಡೆಯುತ್ತಿತ್ತು. ಹದಿಮೂರು ವರ್ಷದ ಅಭ್ಯಾಸದಂತೆ ಕೈ ಜಾರಿಸಿಕೊಂಡು ಕೊನೆಗೆ ಹೋಗಿ ನಿಂತೆ. ಮೂರು ಪಟ್ಟಿ ಮೇಲಿನ ಸ್ವರ ಕಿರ್ ಎಂದು ಕಿರುಚಿತು. ಗಾಯಕಿ ಹಾಡು ನಿಲ್ಲಿಸಿ ತಿರುಗಿ ನನ್ನನ್ನು ನೋಡಿದರು.

ಲೀಡ್ ಹೋಯಿತು. ಆರ್ಕೆಸ್ಟ್ರಾದಿಂದಲೇ ಹೋದೆ ಅಂದುಕೊಂಡಿದ್ದೆ. ಆದರೆ ಎರಡು ದಿನದ ಮೇಲೆ ಮಾಸ್ಟರ್ ಫೋನು ಮಾಡಿ, ರಿದಂ ಗಿಟಾರು ನಿಮ್ಮದೇ, ನಿಮ್ಮ ಹಳೆಯದನ್ನೇ ತನ್ನಿ ಅಂದರು. ಎಲ್ಲರ ಹಿಂದೆ ಕೂತು ಹಾಡು ಮುಗಿಯುವ ತನಕ ಮೂರು ನಾಲ್ಕು ಸ್ವರ ಕೂಡಿದ ಕಾರ್ಡ್ ಹಿಡಿದು ಲಯ ಕಾಯುವ ಕೆಲಸ. ಯಾಕೆ ಇಟ್ಟುಕೊಂಡರು? ಕನಿಕರವೋ, ಅಥವಾ ನಾಳೆ ಆ ಹೊಸಬ ತಪ್ಪಿದರೆ ತಪ್ಪು ಹೊರಿಸಲು ಒಬ್ಬ ಬೇಕೆಂದೋ? ಸಂಶಯಪಡುತ್ತಲೇ ಹೋದೆ. ಸಂಶಯಪಡುತ್ತಲೇ ಏಳು ವರ್ಷ ನುಡಿಸಿದೆ.

ಚಾಚಾರ ಕಡೆಗೆ ಎಷ್ಟೋ ತಿಂಗಳು ಹೋಗಲಿಲ್ಲ. ನಕ್ಕಿರುತ್ತಾರೆ ಎಂದುಕೊಂಡೆ. ಪಟ್ಟಿ ಸವೆದು ತಂತಿ ಗುಂಯ್‌ಗುಡತೊಡಗಿದ ಮೇಲೆ ಬೇರೆ ದಾರಿಯಿಲ್ಲದೆ ಹೋದೆ. ಅವರು ಗಿಟಾರು ಕೈಗೆ ತೆಗೆದುಕೊಂಡು ಕತ್ತಿನ ಅಂಚಿಗೆ ಉಗುರು ಎಳೆದರು. ಪರದೆ ಸರಿಸಿ ತಮ್ಮ ಪಕ್ಕದಲ್ಲೇ ಸ್ಟೂಲು ಹಾಕಿದರು. "ಕೂಡ್ರಿ. ನೋಡ್ಕೋತ ಕೂಡ್ರಿ. ಮನಿಗೆ ಹೋಗಿ ಬಿಚ್ಚೋ ತ್ರಾಸರೆ ತಪ್ಪತೈತಿ." ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೂತೆ. ಒಂದೊಂದು ತಿರುಪನ್ನೂ ಕಣ್ಣಿಟ್ಟು ನೋಡಿದೆ.

ಹೋದ ವರ್ಷ ಚಾಚಾ ತೀರಿಕೊಂಡರು. ನಾನೂ ಮಾಸ್ಟರೂ ಅವರ ಮನೆಗೆ ಹೋಗಿ, ಮಕ್ಕಳನ್ನು ಮಾತಾಡಿಸಿಕೊಂಡು ಲೋಕಲ್ ರೈಲಿನಲ್ಲಿ ವಾಪಸು ಬರುತ್ತಿದ್ದೆವು. ದಾದರ್ ಹತ್ತಿರ ಬರುತ್ತಿದ್ದಂತೆ ಮಾಸ್ಟರ್ ಅಂದರು, "ಇನ್ನು ಹೇಳ್ಬಹುದು ಮಾರಾಯ್ರೆ. ನಿಮ್ಮ ಆ ಪ್ರೋಗ್ರಾಮ್ ಆದ ಮರುದಿನ ಅವ್ರು ನನ್ನ ಮನೆಗೆ ಬಂದಿದ್ರು. ನಾನು ನಿಮ್ಮನ್ನು ಬಿಡುವುದು ಅಂತ ಮಾಡಿದ್ದೆ."

ಚಾಚಾ ಅವತ್ತು ಹೇಳಿದ್ದು ಇಷ್ಟು. ಇವರ ಗಿಟಾರಿನಲ್ಲಿ ಕಾರ್ಡ್ ಹಿಡಿಯುವ ಮೊದಲ ಐದು ಪಟ್ಟಿ ಒಂದೇ ಸಮ ಸವೆದಿವೆ, ಅಂಥ ಸವೆತ ನಾನು ಬೇರೆ ಯಾರದರಲ್ಲೂ ನೋಡಿಲ್ಲ. ಈ ಮನುಷ್ಯ ಯಾರನ್ನೂ ನಂಬುವುದಿಲ್ಲ, ತನ್ನ ಕೈಯನ್ನೂ ನಂಬುವುದಿಲ್ಲ, ಒಂದೊಂದು ಹಿಡಿತವನ್ನೂ ಮತ್ತೆ ಮತ್ತೆ ನುಡಿಸಿ ನೋಡುತ್ತಾನೆ. ಹಾಗಾಗಿ ಲಯ ತಪ್ಪುವುದಿಲ್ಲ. ಲೀಡ್ ಬೇಕಾದರೆ ಕೊಡಬೇಡಿ, ಆದರೆ ಕೈ ಬಿಡಬೇಡಿ.

"ನನಗ್ಯಾಕ ಹೇಳಲಿಲ್ಲ ಅವರು?" ಎಂದು ಕೇಳಿದೆ.

"ನಾನೂ ಕೇಳಿದೆ. ಹೇಳಿದ್ರೆ ಅದ್ರಲ್ಲೂ ಏನೋ ಇದೆ ಅಂತಾರೆ, ಬೇಡ ಅಂದ್ರು" ಅಂದರು ಮಾಸ್ಟರ್.

ನಿಜ. ಹಾಗೇ ಅನ್ನುತ್ತಿದ್ದೆ. ಲೋಕಲ್‌ನಲ್ಲಿ ಕೂತಿದ್ದಾಗಲೂ, ಮಾಸ್ಟರ್ ಇದನ್ನು ಈಗ ಯಾಕೆ ಹೇಳುತ್ತಿದ್ದಾರೆ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಕಣ್ಣು ತುಂಬಿ ಕಿಟಕಿಯ ಕಡೆ ತಿರುಗಿದೆ.

ಆ ಏಳು ವರ್ಷದಲ್ಲಿ ಚಾಚಾ ನನ್ನ ಗಿಟಾರನ್ನು ಹತ್ತು ಹದಿನೈದು ಸಲವಾದರೂ ಬಿಚ್ಚಿರಬೇಕು. ಪ್ರತಿ ಸಲವೂ ನಡುವೆ ಕೈ ನಿಲ್ಲಿಸಿ, "ಧಾರವಾಡದವರ, ಇದಕ ಇನ್ನ ತಾಸು ಹಿಡಿತೈತಿ. ಹೊರಗ ಹೋಗಿ ಗಾಳಿಗೆ ಅಡ್ಡಾಡಿ ಬರ್ರೆಲಾ" ಅನ್ನುತ್ತಿದ್ದರು. "ಇರಲಿ ಬಿಡ್ರಿ ಚಾಚಾ, ಇಲ್ಲೇ ಆರಾಮ ಐತಿ" ಅನ್ನುತ್ತಿದ್ದೆ. ನನ್ನನ್ನು ನಂಬಿ ಬಿಟ್ಟು ಹೋಗುತ್ತೀರಾ ಎಂದೇ ಅವರು ಕೇಳುತ್ತಿದ್ದದ್ದು, ನನಗೆ ಗೊತ್ತಿತ್ತು. ಒಂದೇ ಒಂದು ಸಲ ಎದ್ದು ಹೋಗಿಬಿಡಬೇಕಿತ್ತು. ಹೋಗಲಿಲ್ಲ.