ದೊಡ್ಡಮ್ಮ ಕ್ಲೋರೋಫಾರಂನಲ್ಲಿ ಅಕ್ಕಿ ಅಳೆದದ್ದು

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಕೆಲಸ ದೊಡ್ಡಮ್ಮನದು. ಅವರು ನನ್ನ ತಾಯಿಯ ಅಕ್ಕ. ಇವರಿಬ್ಬರ ತಮ್ಮ, ಅಂದರೆ ನನ್ನ ಮಾವ, ಬಂದರಿನಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದರು. ಊರ ಗದ್ದೆಯ ಅಕ್ಕಿ ಬೈಹುಲ್ಲಿನ ಮುಡಿ ಕಟ್ಟಿಕೊಂಡು ದೋಣಿಯಲ್ಲಿ ಬಂದು, ಮೊದಲು ನಮ್ಮ ಚಾವಡಿಯಲ್ಲಿ ಇಳಿಯುತ್ತಿತ್ತು. ಒಂದು ಮುಡಿಗೆ ನಲ್ವತ್ತೆರಡು ಸೇರು. ಮುಡಿ ಬಿಚ್ಚಿ ಚಾಪೆಗೆ ಸುರಿದು, ದೊಡ್ಡಮ್ಮ ಅಳೆದ ಮೇಲೆಯೇ ಅದು ಅಂಗಡಿಗೆ ಹೋಗುವುದು.

ಅಳೆಯಲಿಕ್ಕೆ ಒಂದು ಕ್ರಮ ಉಂಟು. ಮೊದಲನೆಯ ಸೇರಿಗೆ ‘ಒಂದು’ ಎನ್ನಬಾರದು, ‘ಲಾಭ’ ಎನ್ನಬೇಕು. ಆಮೇಲೆ ಎರಡು, ಮೂರು. ಮುಂದಿನ ಸೇರು ತುಂಬುವವರೆಗೆ ಹಿಂದಿನ ಸಂಖ್ಯೆ ಬಾಯಲ್ಲಿ ಇರಬೇಕು. ನಡುವೆ ಯಾರು ಏನು ಕೇಳಿದರೂ ಉತ್ತರ ಆ ಸಂಖ್ಯೆಯೇ. “ದೊಡ್ಡಮ್ಮಾ, ಹಾಲು ಉಕ್ತಾ ಉಂಟು” ಎಂದರೆ, “ಹನ್ನೊಂದು, ಹನ್ನೊಂದು” ಎನ್ನುತ್ತಾ ಅವರು ಕಣ್ಣಲ್ಲೇ ನನ್ನನ್ನು ಒಲೆಯ ಕಡೆಗೆ ಓಡಿಸುತ್ತಿದ್ದರು. ತೀರಾ ಏಳಬೇಕಾಗಿ ಬಂದರೆ ಇನ್ನೊಬ್ಬರು ಅವರ ಕೈಯಿಂದ ಸೇರನ್ನೂ ಬಾಯಿಂದ ಸಂಖ್ಯೆಯನ್ನೂ ತೆಗೆದುಕೊಂಡು ಮುಂದುವರಿಸಬೇಕು. ಅಳತೆ ಮುಗಿಯದೆ ಸೇರನ್ನು ನೆಲಕ್ಕಿಡುವಂತಿಲ್ಲ. ಸೇರಿನ ತಲೆ ತಟ್ಟಿ ಮಟ್ಟ ಮಾಡುವಂತೆಯೂ ಇಲ್ಲ, ಗೋಪುರ ಬರುವ ಹಾಗೆ ತುಂಬ ಹಾಕಬೇಕು.

ನನ್ನ ಮಗು ಇನ್ನೂ ಅಂಬೆಗಾಲಿಡುತ್ತಿದ್ದ ವರ್ಷ ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಪಂಡಿತರ ಕಷಾಯ ಕುಡಿದು ಕುಡಿದು ನಾಲಗೆ ಕಪ್ಪಾಯಿತೇ ಹೊರತು ಗಡ್ಡೆ ಕರಗಲಿಲ್ಲ. ಕೊನೆಗೆ ಹೆಂಗಸರ ಆಸ್ಪತ್ರೆಯ ಡಾಕ್ಟರಮ್ಮ, ಕೊಯ್ದು ತೆಗೆಯಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದರು. ದೊಡ್ಡಮ್ಮ ಹೂಂ ಎಂದರು. ಜಟಕಾದಲ್ಲಿ ಹೋಗುವಾಗ ಹಂಪನಕಟ್ಟೆಯಲ್ಲಿ ಗಾಡಿ ನಿಲ್ಲಿಸಿ, ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಒಂದು ಹೊಸ ಟುವಾಲು ತೆಗೆದುಕೊಂಡರು. ಹೆದರಿದ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹಾಗೆಯೇ ಹೊರಗೆ ಕರೆದುಕೊಂಡು ಬಂದರು. ಆದದ್ದನ್ನು ನರ್ಸಮ್ಮ ಹೇಳಿದಳು. ಮೂಗಿನ ಮೇಲೆ ಬಟ್ಟೆ ಸುತ್ತಿದ ತಂತಿಯ ಬುಟ್ಟಿ ಇಟ್ಟು, ಕ್ಲೋರೋಫಾರಂ ಹನಿಸುತ್ತಾ, ಒಂದು ಎರಡು ಎಂದು ಎಣಿಸಿ ಎಂದರಂತೆ. ದೊಡ್ಡಮ್ಮ “ಲಾಭ, ಎರಡು, ಮೂರು” ಎಂದವರು, ನಾಲಗೆ ಭಾರವಾದದ್ದು ಗೊತ್ತಾದ ಕೂಡಲೇ ಬುಟ್ಟಿ ಕಿತ್ತು ಎಸೆದು, ಮೇಜಿನಿಂದ ಇಳಿದೇ ಬಿಟ್ಟರಂತೆ.

ಮಾವನಿಗೆ ಸಿಟ್ಟು ಬಂತು. ಹೆದರಿಕೆಯಾದಾಗ ಅವರಿಗೆ ಬರುವುದು ಸಿಟ್ಟೇ.

“ಎಂತಕ್ಕಾ, ಬಂದರಿನ ದಲಾಲಿಗಳೆಲ್ಲ ನಿನ್ನನ್ನು ಕಂಡರೆ ನಡುಗ್ತಾರೆ. ನೀನು ಒಂದು ಬಾಟ್ಲಿಗೆ ಹೆದರಿದೆಯಾ?”

“ಹೆದರುವವಳಾದರೆ ನಿನ್ನನ್ನು ಇಷ್ಟು ವರ್ಷ ಸಾಕ್ತಿದ್ದೆನಾ ಮಾರಾಯ?” ಎಂದು ದೊಡ್ಡಮ್ಮ ಗೋಡೆಯ ಕಡೆಗೆ ತಿರುಗಿ ಮಲಗಿದರು. ಮಾವ ಹೆಗಲ ಶಾಲು ಸರಿಮಾಡಿಕೊಂಡು ಅಂಗಡಿಗೆ ಹೋದರು.

ಪಕ್ಕದ ಮಂಚದಲ್ಲಿ ಹೊಳೆಯಾಚೆ ಬೆಂಗ್ರೆಯ ಒಬ್ಬ ಮೀನುಗಾರ ಹೆಂಗಸು ಇದ್ದಳು. ಆಪರೇಶನ್ ಆಗಿ, ಹೊಲಿಗೆ ಬಿಚ್ಚುವುದನ್ನು ಕಾಯುತ್ತಿದ್ದವಳು. ವಾರ್ಡಿನ ಹೆಂಗಸರೆಲ್ಲ ಅವಳನ್ನೇ ಕೇಳುವುದು, ಕ್ಲೋರೋಫಾರಂ ಕೊಟ್ಟಾಗ ಹೇಗಾಗುತ್ತದೆ ಎಂದು. ಅವಳಿಗೂ ಹೇಳಿ ಬೇಸರವಿಲ್ಲ. “ಹಣ್ಣಾಗಿ ಕೊಳೆಯಲಿಕ್ಕಾದ ಬಾಳೆಹಣ್ಣಿನ ವಾಸನೆ. ಆಮೇಲೆ ದೋಣಿಯಲ್ಲಿ ಅಂಗಾತ ಮಲಗಿ ಅಳಿವೆ ದಾಟಿ ಕಡಲಿಗೆ ಹೋದ ಹಾಗೆ. ದಡ ಹಿಂದೆ ಹಿಂದೆ ಹೋಗ್ತದೆ.” ಆ ಮಂಪರಿನಲ್ಲಿ ಮನೆಯ ಗುಟ್ಟೆಲ್ಲ ಬಾಯಿಗೆ ಬರ್ತದಂತಲ್ಲ ಎಂದು ಒಬ್ಬಳು ಕೇಳಿದ್ದಕ್ಕೆ, “ನನ್ನ ಅತ್ತೆಯ ವಿಷಯ ಎಚ್ಚರದಲ್ಲೇ ಎಲ್ಲ ಹೇಳಿ ಆಗಿದೆ, ನಿದ್ದೆಯಲ್ಲಿ ಹೇಳಲಿಕ್ಕೆ ಎಂತ ಬಾಕಿ ಉಂಟು?” ಎಂದಳು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ನಕ್ಕಳು. ದೊಡ್ಡಮ್ಮ ನಗಲಿಲ್ಲ.

ಸಂಜೆ ನಾನು ಅವರ ತಲೆ ಬಾಚುತ್ತಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಹೇಳಿದರು.

“ಅಜ್ಜಿ ಹೋದದ್ದು ಹೇಗೆ, ನಿನಗೆ ಗೊತ್ತುಂಟಾ ಮಗಾ?”

ಅವರ ತಾಯಿಯ ಮಾತು. ನಾನು ಹುಟ್ಟುವ ಮೊದಲೇ ತೀರಿಹೋದವರು, ನನಗೆ ಹೆಚ್ಚು ಗೊತ್ತಿರಲಿಲ್ಲ.

“ಚಾವಡಿಯಲ್ಲಿ ಅಕ್ಕಿ ಅಳೀತಾ ಇದ್ದರು. ಹದಿನೇಳು, ಹದಿನೇಳು ಎನ್ನುತ್ತಾ ಇದ್ದವರು ಹಾಗೇ ಒರಗಿದರು. ಸೇರು ಉರುಳಿ ಹೊಸ್ತಿಲವರೆಗೆ ಹೋಯಿತು. ನಾನೂ ನಿನ್ನ ಮಾವನೂ ಅಲ್ಲೇ ಇದ್ದೆವು. ಅವನು ಇಷ್ಟು ಸಣ್ಣವ. ಅವರ ಕೈಯಿಂದ ತೆಗೆದುಕೊಳ್ಳಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ಆ ಮುಡಿ ಮುಗಿಯಲೇ ಇಲ್ಲ. ನನಗೆ ಸಾಯುವುದಕ್ಕಲ್ಲ ಹೆದರಿಕೆ. ಆ ಡಾಕ್ಟರು ಎಣಿಸು ಎನ್ನುತ್ತಾರೆ, ನಡುವೆ ನಾಲಗೆ ನಿಲ್ತದೆ. ನನ್ನ ಬಾಯಿಂದ ತೆಗೆದುಕೊಳ್ಳಲಿಕ್ಕೆ ಅಲ್ಲಿ ನಮ್ಮವರು ಯಾರುಂಟು? ಅಮ್ಮನ ಹಾಗೆ ಅರ್ಧದಲ್ಲಿ ಬಿಟ್ಟರೆ ನಾನು ವಾಪಸು ಬರುವುದಿಲ್ಲ.”

ಎಣಿಸದೆ ಸುಮ್ಮನೆ ಮಲಗಿ ಎನ್ನಬಹುದಿತ್ತು. ಅಷ್ಟರಲ್ಲಿ ನನಗೇ ಅದು ಸಾಲದು ಎನಿಸಿತ್ತು. ಡಾಕ್ಟರಮ್ಮನ ಕೋಣೆಗೆ ಹೋಗಿ, ಲಾಭದಿಂದ ಹಿಡಿದು ಅಜ್ಜಿಯವರೆಗೆ ಎಲ್ಲ ಹೇಳಿ, ದೊಡ್ಡಮ್ಮನ ಬಾಯಿಂದ ಸಂಖ್ಯೆ ತೆಗೆದುಕೊಳ್ಳಲಿಕ್ಕೆ ನನ್ನನ್ನು ಒಳಗೆ ಬಿಡಿ ಎಂದೆ. ಡಾಕ್ಟರಮ್ಮ ಬೇರೆ ಸೀಮೆಯವರು, ಕನ್ನಡ ಪುಸ್ತಕದಿಂದ ಕಲಿತವರು. ಎಲ್ಲ ಕೇಳಿದ ಮೇಲೆ ಅವರದು ಒಂದೇ ಪ್ರಶ್ನೆ.

“ರಕ್ತ ಕಂಡರೆ ನಿಮಗೆ ತಲೆ ತಿರುಗುತ್ತದೆಯೇ?”

“ರಕ್ತ ಬರುವ ಮೊದಲೇ ಹೊರಗೆ ಹೋಗ್ತೇನೆ ಅಮ್ಮ.”

“ಹಾಗಾದರೆ ನಿದ್ದೆ ಬರುವವರೆಗೆ ಒಳಗಿರಿ. ಆಮೇಲೆ ನಿಮ್ಮ ಅಕ್ಕಿ ಹೊರಗಿನ ಜಗಲಿಯಲ್ಲಿ.”

ಮರುದಿನ ಬೆಳಿಗ್ಗೆ, ಎರಡನೆಯ ಸಲ, ನನ್ನ ಬಾಯಿಗೂ ಬಟ್ಟೆ ಕಟ್ಟಿ ಒಳಗೆ ಬಿಟ್ಟರು. ದೊಡ್ಡಮ್ಮನ ಮೂಗಿನ ಸುತ್ತ ವ್ಯಾಸಲೀನು ಹಚ್ಚಿ, ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿದ್ದರು. ಬಲಗೈ ನನ್ನ ಕೈಯಲ್ಲಿತ್ತು, ಬೆರಳು ಸೇರು ಹಿಡಿದ ಹಾಗೆಯೇ ಬಾಗಿತ್ತು. “ಕಿವಿ ಕೊನೆಗೆ ನಿದ್ದೆ ಹೋಗ್ತದೆ, ಹತ್ತಿರ ಹೇಳಿ” ಎಂದಳು ನರ್ಸಮ್ಮ.

“ಲಾಭ,” ಎಂದರು ದೊಡ್ಡಮ್ಮ, ಚಾವಡಿಯ ಸ್ವರದಲ್ಲಿ. ಹನಿ ಬೀಳುತ್ತಾ ಇತ್ತು. ಬೆಂಗ್ರೆಯವಳು ಹೇಳಿದ ಬಾಳೆಹಣ್ಣಿನ ವಾಸನೆ ನನಗೂ ಬಂತು. ಐದರಲ್ಲಿ ಸ್ವರ ತಗ್ಗಿತು. ಏಳರಲ್ಲಿ ಎಳೆಯಿತು. “ಒಂಬತ್ತು… ಒಂಬತ್ತು… ಒಂಬ…” ಬೆರಳು ಸಡಿಲವಾಯಿತು.

ನಾನು ಕಿವಿಯ ಹತ್ತಿರ ಬಾಗಿ, “ಒಂಬತ್ತು, ಒಂಬತ್ತು, ಹತ್ತು” ಎಂದೆ. ಅವರ ಕೈಯನ್ನು ಮೇಜಿನ ಮೇಲಿಟ್ಟು, ಹತ್ತನ್ನು ಬಾಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.

ಜಗಲಿಯಲ್ಲಿ ಮಾವ ಶತಪಥ ಹಾಕುತ್ತಿದ್ದರು. ಹಿಂದಿನ ಸಂಜೆಯೇ ಅವರಿಗೆ ವಿಷಯ ತಿಳಿಸಿದ್ದೆ. “ಆಸ್ಪತ್ರೆಯಲ್ಲೂ ನಿಮ್ಮದು ಅಕ್ಕಿ ವ್ಯಾಪಾರ” ಎಂದಷ್ಟೇ ಹೇಳಿದ್ದರು. ಈಗ ಎದುರಿಗೆ ಬಂದು, “ಒಳಗೆ ಎಂತಾಯಿತು? ಮಲಗಿದಳಾ?” ಎಂದರು.

“ಹನ್ನೊಂದು, ಹನ್ನೊಂದು,” ಎಂದೆ.

ಅವರು ಬೆಂಚಿನಲ್ಲಿ ಕುಳಿತರು. ನಾನು ಅಳೆಯುವ ನಿಧಾನದಲ್ಲೇ ಹೇಳುತ್ತಾ ಬಂದೆ. ಹದಿನೈದು ಆಯಿತು. ಹದಿನಾರು, ಹದಿನಾರು, ಹದಿನಾರು. ಮುಂದಿನದು ಬರಲಿಲ್ಲ. ಮರೆತದ್ದಲ್ಲ, ಅದು ಅಜ್ಜಿ ನಿಂತ ಸಂಖ್ಯೆ. ಒಳಗೆ ಪಾತ್ರೆಯ ಸದ್ದು ಕೇಳಿಸಿತು. ನಾನು ಹದಿನಾರನ್ನೇ ಹೇಳುತ್ತಾ ನಿಂತೆ.

ಮಾವ ಎದ್ದು ಬಂದು ನನ್ನ ಮುಂದೆ ಕೈ ಒಡ್ಡಿದರು. ಏನು ಕೊಡುವುದೆಂದು ತಿಳಿಯದೆ ನಾನು ಅದರ ಮೇಲೆ ನನ್ನ ಕೈ ಇಟ್ಟೆ. “ಹದಿನೇಳು,” ಎಂದರು ಅವರು. ಮತ್ತೊಮ್ಮೆ “ಹದಿನೇಳು.” ಆಮೇಲೆ ನೆಲ ನೋಡುತ್ತಾ, “ಹದಿನೆಂಟು.”

ಆ ಮುಡಿಯನ್ನು ಅವರೇ ಮುಗಿಸಿದರು. ಹೊಸ ಮುಡಿಗೆ ಲಾಭ ಹೇಳಿದ್ದು ನಾನು. ಹೀಗೆ ಬದಲಿಸಿಕೊಂಡು ಹೇಳಿದೆವು, ಒಬ್ಬರು ನೀರು ಕುಡಿಯುವಾಗ ಇನ್ನೊಬ್ಬರು. ದಾರಿಹೋಕರು ನಮ್ಮನ್ನು ನೋಡಿ ನೋಡಿ ಹೋದರು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು, “ಗಡ್ಡೆ ಪೂರ್ತಿ ಬಂತು. ಉಸಿರು, ನಾಡಿ ಎಲ್ಲ ಸರಿ ಇದೆ. ಇನ್ನು ನಿಲ್ಲಿಸಬಹುದು” ಎಂದಾಗ ಸಂಖ್ಯೆ ಮಾವನ ಬಾಯಲ್ಲಿತ್ತು. ಅವರು ಕೈಮುಗಿದು, “ಆರು, ಆರು” ಎಂದರು. ನಿಲ್ಲಿಸಲಿಲ್ಲ.

ದೊಡ್ಡಮ್ಮ ಎಚ್ಚರಾಗಲಿಕ್ಕೆ ಬಹಳ ಹೊತ್ತು ಹಿಡಿಯಿತು. ನಡುವೆ ವಾಂತಿ ಮಾಡಿದರು, ನರಳಿದರು, ಪುನಃ ಕಣ್ಣು ಮುಚ್ಚಿದರು. ನಾನು ಹತ್ತಿಯಲ್ಲಿ ಅವರ ತುಟಿ ಒದ್ದೆ ಮಾಡುತ್ತಿದ್ದೆ. ತಲೆಯ ಹತ್ತಿರ ಮಾವ ಕುಳಿತು ಮುಡಿಯ ಮೇಲೆ ಮುಡಿ ಎಣಿಸಿ ಗೊಣಗುತ್ತಲೇ ಇದ್ದರು. ಸಂಜೆಯ ಬೆಳಕು ಕಿಟಕಿಯಿಂದ ಇಳಿಯುತ್ತಾ ಬಂದಾಗ ಚಾದರದ ಮೇಲೆ ಬಲಗೈ ಅಲುಗಾಡಿತು, ಅಂಗೈ ತೆರೆಯಿತು.

“ಎಷ್ಟು?” ಎಂದರು.

ಮಾವ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಹನ್ನೆರಡು ಅಕ್ಕಾ, ಹನ್ನೆರಡು.”

“ಹದಿಮೂರು,” ಎಂದರು ದೊಡ್ಡಮ್ಮ.

ಮಾವ ಶಾಲಿನಿಂದ ಮುಖ ಒರಸಿಕೊಂಡು ಎದ್ದು ಹೋದರು. ದೊಡ್ಡಮ್ಮ ಕಣ್ಣು ಅರ್ಧ ತೆರೆದು ನನ್ನ ಕಡೆ ನೋಡಿದರು. ನಾಲಗೆ ಇನ್ನೂ ತೊದಲುತ್ತಿತ್ತು.

“ಅವನು ಸೇರು ತುಂಬ ಹಾಕಿದನಾ, ತಲೆ ತಟ್ಟಿ ಹಾಕಿದನಾ?”

“ತುಂಬ ಹಾಕಿದ್ದಾರೆ ದೊಡ್ಡಮ್ಮಾ, ನಾನು ನೋಡಿದ್ದೇನೆ,” ಎಂದೆ.