ಆಸಾಡಿ ಕಳೆಯಲೆಂದ ವಕೀಲರು

ವಕೀಲರ ಕರಿ ಕೋಟಿನ ಎಡತೋಳು ಬಿಸಿಲಿಗೆ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಬಲತೋಳು ಮಾತ್ರ ಕರ್ರಗೆ ಹೊಸದರಂತಿತ್ತು. ಕುಂದಾಪುರದ ಕೋರ್ಟಿನ ಹತ್ತಿರದ ಜಗಲಿಯಲ್ಲಿ ವರ್ಷಾನುಗಟ್ಟಲೆ ಒಂದೇ ಮೂಲೆಯಲ್ಲಿ ಕೂತದ್ದರ ಫಲ. ಇಂಥ ಕೋಟಿನವರಿಂದ ನಮಗೆಂಥ ಉಪಕಾರವಾದೀತು ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಆದರೆ ಬೇರೆ ಗತಿಯಿರಲಿಲ್ಲ. ನಮ್ಮದು ಅಳಿಯಕಟ್ಟು. ಗಂಡಸು ಸತ್ತರೆ ಅವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ, ಹೆಂಡತಿ ಮಕ್ಕಳಿಗಲ್ಲ. ಅಪ್ಪಯ್ಯ ತೆಂಗಿನಕಾಯಿ ವ್ಯಾಪಾರದಲ್ಲಿ ದುಡಿದು ಉಪ್ಪುಂದದಲ್ಲಿ ಅಮ್ಮನಿಗೆಂದೇ ಕಟ್ಟಿದ ಮನೆ, ಬರೆದಿಡದಿದ್ದರೆ ಅತ್ತೆಯ ಮಗನದು. ಆ ವರ್ಷ ಅಪ್ಪಯ್ಯನ ಕಾಲು ಬಾತು, ಎರಡು ಮಾತಾಡಿದರೆ ಏದುಸಿರು ಬರುತ್ತಿತ್ತು. ಯುದ್ಧದ ಕಾಲದ ಇದ್ದಿಲಿನ ಬಸ್ಸು ಹತ್ತಿ, ಅಮ್ಮನ ಅಣ್ಣನಾದ ನನ್ನ ಮಾವ ಮತ್ತು ನಾನು ವಕೀಲರನ್ನು ಹುಡುಕಿಕೊಂಡು ಹೊರಟೆವು. ಮೊದಲು ಕಂಡವರು ಅತ್ತೆಯ ಮನೆಯ ವಕೀಲರೇ ಆಗಿದ್ದರು. ಎರಡನೆಯವರು ರೋಗಿಯನ್ನೇ ಹೊತ್ತುಕೊಂಡು ಬನ್ನಿ ಎಂದರು. ಈ ಮಾಸಿದ ಕೋಟಿನವರು ಮಾತ್ರ, "ನಾನೇ ಬತ್ತೆ. ಹೊಳಿ ದಾಟುಕೆ ದೋಣಿ ಇತ್ತಲೆ" ಎಂದರು.

ಹೇಳಿದಂತೆ ಬಂದರು. ಅಮ್ಮ ಕೊಟ್ಟ ಬೆಲ್ಲ ತಿಂದು, ನೀರು ಕುಡಿದು, ಅಪ್ಪಯ್ಯನ ಮಂಚದ ಬದಿಯಲ್ಲಿ ಕೂತರು. ಮರಣಶಾಸನ ಎಂಬ ಶಬ್ದವನ್ನು ರೋಗಿಯ ಎದುರು ಅವರು ಒಮ್ಮೆಯೂ ಆಡಲಿಲ್ಲ, 'ಮನಿ ಕಾಗ್ದ' ಎನ್ನುತ್ತಿದ್ದರು. "ಬಾಯ್ಮಾತ್ ಗಾಳಿಗ್ ಹೋತ್ತ್ ಶೆಟ್ರೆ, ಕಾಗ್ದ ಕೋರ್ಟಿಗ್ ಹೋತ್ತ್" ಎಂಬುದು ಅವರ ನುಡಿ. ಕೇಳಬೇಕಾದ್ದನ್ನೆಲ್ಲ ಕೇಳಿ ಬರೆದುಕೊಂಡು ಹೋದರು.

ಚೊಕ್ಕ ಪ್ರತಿ ಮಾಡಿ, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಎರಡನೆಯ ಸಲ ಬರುವಷ್ಟರಲ್ಲಿ ಆಸಾಡಿ ಹಿಡಿದು ಎರಡು ದಿನವಾಗಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ.

"ಆಸಾಡಿಯಂಗೆ ಮನಿ ಕಾಗ್ದಕ್ಕೆ ಹೆಬ್ಬೆಟ್ಟ್ ಒತ್ತೂದಾ ವಕೀಲ್ರೆ?" ಎಂದರು ಅಪ್ಪಯ್ಯ.

ವಕೀಲರೂ ಪಂಚಾಂಗ ನೋಡದೆ ಹೊಸ್ತಿಲು ದಾಟುವವರಲ್ಲ. "ಅದೂ ಸಮವೇ. ಆಸಾಡಿ ಕಳ್ದ ಕೂಡ್ಲೆ ಬತ್ತೆ" ಎಂದು ಕಾಗದ ಮಡಚಿದರು.

ಹದಿನೈದು ದಿನವೂ ಕಳೆಯಲಿಲ್ಲ, ಅಪ್ಪಯ್ಯನಿಗೆ ಕಾಯಿಲೆ ಜೋರಾಯಿತು. ಹೇಳಿಕಳಿಸಿದ್ದೇ ತಡ, ವಕೀಲರು ಪಂಚಾಂಗ ಬದಿಗಿಟ್ಟು ಅದೇ ಸಾಕ್ಷಿಗಳೊಡನೆ ಓಡಿಬಂದರು. ಅಷ್ಟರಲ್ಲಿ ಜೀವ ಹೋಗಿ ಒಂದು ಗಳಿಗೆಯಾಗಿತ್ತು.

ಮಾವ ಬಾಗಿಲು ಹಾಕಿ ಬಂದ. "ಕೈ ಇನ್ನೂ ಮೆತ್ತಗಿತ್ತ್. ಒತ್ತ್ಸಿ ಬಿಡಿ. ಯಾರಿಗ್ ಗೊತ್ತಾತ್ತ್?" ಎಂದ. ಸಾಕ್ಷಿಗಳು ನೆಲ ನೋಡುತ್ತಿದ್ದರು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ನಾನು ವಕೀಲರ ಕಾಲು ಹಿಡಿದುಕೊಂಡೆ.

"ಕಾಲ್ ಬಿಡ್ ಮಗಾ" ಎಂದರು. "ಜೀವ ಇಪ್ಪು ಹೊತ್ತಿಗೆ ನಾನೇ ಎದ್ದ್ ಹೋದೆ. ಈಗ ನನ್ನ್ ಕೈಯಂಗೆ ಎಂತದೂ ಇಲ್ಲೆ." ಮಸಿಯ ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಜಗಲಿಗೆ ಹೋದರು. ಅಲ್ಲಿ ಕೂತು ಎಲ್ಲರ ಎದುರಿಗೇ ಅತ್ತರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅದೇ ಮೊದಲು ಕಂಡದ್ದು.

ಅತ್ತೆಯೇನೂ ಕೆಟ್ಟವಳಲ್ಲ. "ನಾವ್ ಕಿತ್ಕಂಡದ್ದಲ್ಲ, ಕಟ್ಟ್ ಇಪ್ಪುದೇ ಹಾಂಗೆ" ಎಂದಳು. ವರ್ಷಾಂತ ಕಳೆದ ಮೇಲೆ ನಾವು ಮಾವನ ಮನೆ ಸೇರಿದೆವು. ಅಮ್ಮ ಅಲ್ಲಿ ಯಾವತ್ತೂ ಒಂದು ಗಿಡ ನೆಡಲಿಲ್ಲ.

ನಾಲ್ಕು ವರ್ಷದ ಮೇಲೆ ವಕೀಲರು ತೀರಿಕೊಂಡ ಸುದ್ದಿ ಬಂತು. ಅಮ್ಮ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು, ಹತ್ತಿರದ ನೆಂಟರು ಸತ್ತರೆ ಮೀಯುವ ಹಾಗೆ. ನಾನು ಮೀಯಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು. ಸತ್ತವರ ಕೈ ಹಿಡಿಯಲಿಲ್ಲವೆಂದಲ್ಲ, ಬದುಕಿದ್ದ ಕೈಯನ್ನು ಬಿಟ್ಟು ಎದ್ದು ಹೋದರೆಂದು. ಆ ಸಿಟ್ಟನ್ನು ಬಹಳ ವರ್ಷ ಸಾಕಿದೆ. ಆದರೆ ಅವರು ಕಾಗದ ಮಡಚಿ ಎದ್ದ ದಿನ, ಆಸಾಡಿಯಲ್ಲಿ ಹೆಬ್ಬೆಟ್ಟು ಒತ್ತುವುದು ತಪ್ಪಿತೆಂದು ನನಗೂ ಹಗುರಾಗಿತ್ತು. ಒಳಗಿನಿಂದ ಅವರ ಕೊಡೆ ತಂದು ಕೈಗೆ ಕೊಟ್ಟವಳು ನಾನೇ.